ಮರ್ಯಾದೆ ಜಾಸ್ತಿಯಾದ ಇಂಗ್ಲಿಷ್

ಮೈಸೂರಿನಲ್ಲಿ ಇಂಗ್ಲಿಷ್ ಪತ್ರ, ವರದಿ ತಿದ್ದಿಕೊಡುವುದು ನನ್ನ ಕಸುಬು. ಸ್ಪೆಲಿಂಗ್ ತಪ್ಪು ಈಗ ಕಡಿಮೆ, ಅದನ್ನು ಕಂಪ್ಯೂಟರೇ ಹಿಡಿಯುತ್ತದೆ. ಅದು ಹಿಡಿಯದೆ ಬಿಡುವುದು ಭಾರದ ಮಾತನ್ನು.

ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರು ಬಾಕಿ ಕೇಳಿ ಬರೆದ ಪತ್ರದ ಸಾಲು ನೋಡಿ: ‘ಕೈಂಡ್ಲಿ ಅಕ್ನಾಲೆಜ್ ರಿಸೀಟ್ ಆಫ್ ದಿ ಸೇಮ್ ಅಂಡ್ ಡು ದಿ ನೀಡ್‌ಫುಲ್ ಅಟ್ ದಿ ಅರ್ಲಿಯೆಸ್ಟ್.’ ದುಡ್ಡಿನ ಮಾತೇ ಇಲ್ಲ! ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಒಂದೂ ತಿಳಿಯುವುದಿಲ್ಲ. ಮೊತ್ತ ಸೇರಿಸಿ, ‘ಪ್ಲೀಸ್ ಪೇ ಬೈ ಫ್ರೈಡೇ’ ಎಂದು ತಿದ್ದಿದೆ. ಅವರಿಗೆ ಸಮಾಧಾನವಾಗಲಿಲ್ಲ. “ಇಷ್ಟು ಮೊಟಕಾಗಿ ಬರೆದರೆ ಮರ್ಯಾದೆ ಇರಲ್ಲ, ಅಲ್ವಾ ಸಾರ್?”

ಅನುಮಾನ ಸಹಜವೇ. ನಮ್ಮಲ್ಲಿ ಮರ್ಯಾದೆ ಕ್ರಿಯಾಪದದ ತುದಿಯಲ್ಲೇ ಕೂತಿರುತ್ತದೆ. ‘ಕೊಡು’ ಬೇರೆ, ‘ಕೊಡಿ’ ಬೇರೆ. ಇಂಗ್ಲಿಷಿನಲ್ಲೂ ಹಿಂದೆ ‘ನೀನು’ ಅನ್ನಲು ‘ದೌ’, ‘ನೀವು’ ಅನ್ನಲು ‘ಯೂ’ ಇತ್ತು. 17ನೇ ಶತಮಾನದಲ್ಲಿ ‘ದೌ’ ದಿನಬಳಕೆಯಿಂದ ಹೆಚ್ಚೂಕಡಿಮೆ ಜಾರಿಹೋಯಿತು. ಹಾಗಾಗಿ ಈಗ ಅಲ್ಲಿ ಎಲ್ಲರೂ ‘ನೀವು’ಗಳೇ. ಇದು ಗೊತ್ತಿಲ್ಲದೆ ನಾವು ‘ಕೊಡಿ’ಯ ಆ ‘ಇ’ಕಾರವನ್ನು ಹುಡುಕುತ್ತೇವೆ. ಸಿಗುವುದಿಲ್ಲ. ಆ ಜಾಗದಲ್ಲಿ ದೊಡ್ಡ ಪದ ತುರುಕುತ್ತೇವೆ.

ದೊಡ್ಡ ಪದಗಳಿಗೇನು ಬರ? 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆಗೆ, ಕೋರ್ಟಿಗೆ ಫ್ರೆಂಚ್ ಬಂತು. ಹೊಲದಲ್ಲಿ, ಮನೆಯಲ್ಲಿ ಇಂಗ್ಲಿಷೇ ಉಳಿಯಿತು. ‘ಬಿಗಿನ್’ ಪಕ್ಕದಲ್ಲಿ ‘ಕಮೆನ್ಸ್’, ‘ಆಸ್ಕ್’ ಪಕ್ಕದಲ್ಲಿ ‘ಡಿಮ್ಯಾಂಡ್’ ಇರುವುದು ಇದಕ್ಕೇ. ತಮಾಷೆ ಅಂದರೆ, ಈ ‘ಡಿಮ್ಯಾಂಡ್’ಗೆ ಫ್ರೆಂಚಿನಲ್ಲಿ ಸುಮ್ನೆ ಕೇಳುವುದು ಎಂದಷ್ಟೇ ಅರ್ಥ. ಇಂಗ್ಲಿಷಿನಲ್ಲಿ ಅದು ದಬಾಯಿಸಿ ಕೇಳುವುದು. ದೊಡ್ಡ ಪದ ಹಾಕಿ ಮರ್ಯಾದೆ ಕೊಡಲು ಹೋದವರು ಇಲ್ಲೇ ಎಡವುವುದು.

ಅಂದ ಹಾಗೆ, ಬೆಲ್ಲದ ವ್ಯಾಪಾರಿಯ ಆ ಪತ್ರದಲ್ಲಿದ್ದ ‘ಜಾಗರಿ’, ಅಂದರೆ ಬೆಲ್ಲ ಅನ್ನುವ ಪದ, ಇಂಗ್ಲಿಷಿಗೆ ಹೋದದ್ದು ಪೋರ್ಚುಗೀಸರ ಮೂಲಕ. ‘ಶುಗರ್’ ಹೋದದ್ದು ಅರಬ್ಬರು, ಫ್ರೆಂಚರನ್ನು ಹಾದು. ಎರಡರ ಬೇರೂ ಸಂಸ್ಕೃತದ ‘ಶರ್ಕರಾ’. ನಮ್ಮ ‘ಸಕ್ಕರೆ’ಯದ್ದೂ ಅದೇ. ಮಂಡ್ಯದವರಿಗೆ ಇದು ಇಷ್ಟವಾಗುತ್ತದೆ ಎಂದು ಹೇಳಿದೆ, ಅಷ್ಟೆ.

ಇನ್ನು ಮರ್ಯಾದೆಯ ವಿಷಯ. ಎದುರಿನವರ ಹೆಸರನ್ನು ತಪ್ಪಿಲ್ಲದೆ ಬರೆಯಿರಿ. ‘ಪ್ಲೀಸ್’ ಸಾಲದು ಅನ್ನಿಸಿದರೆ ‘ಕುಡ್ ಯೂ ಪೇ ಬೈ ಫ್ರೈಡೇ?’ ಅನ್ನಿ. ನಮ್ಮ ‘ಕೊಡಬಹುದಾ?’ ಅನ್ನುವ ಧಾಟಿಯೇ ಅದು. ಶುಕ್ರವಾರ ಕಳೆದರೂ ದುಡ್ಡು ಬರಲಿಲ್ಲವೋ, ಮುಂದಿನ ಪತ್ರದಲ್ಲಿ ‘ಕುಡ್ ಯೂ’ ತೆಗೆದುಬಿಡಿ.