ನೇಗಿಲ ಓಣಿಗೆ ಮರಳಲು 29 ವರ್ಷ: ವಿಂಬಲ್ಡನ್ ಫುಟ್‌ಬಾಲ್ ಮೈದಾನದ ಕತೆ

ವಿಂಬಲ್ಡನ್ ಅಂದರೆ ನಮ್ಮ ಕಣ್ಣಿಗೆ ಬರುವುದು ಟೆನಿಸ್: ಹಸಿರು ಅಂಕಣ, ಬಿಳಿ ಉಡುಪು. ಲಂಡನ್ನಿನ ಅದೇ ಬಡಾವಣೆಯಲ್ಲಿ ಫುಟ್‌ಬಾಲ್‌ಗೂ ಒಂದು ಕತೆಯಿದೆ. ಅದರಲ್ಲಿ ಆಟಕ್ಕಿಂತ ಜಾಗದ ಜಗಳವೇ ಹೆಚ್ಚು.

1889ರಲ್ಲಿ ಹುಟ್ಟಿದ ವಿಂಬಲ್ಡನ್ ಕ್ಲಬ್ 1912ರಲ್ಲಿ ಪ್ಲೌ ಲೇನ್‌ಗೆ ಬಂತು. ಹೆಸರನ್ನು ಕನ್ನಡಕ್ಕೆ ತಂದರೆ 'ನೇಗಿಲ ಓಣಿ'. ಆಗ ಅದು ಜೌಗು ಹಿಡಿದ ಪಾಳು ಜಾಗ. ದಶಕಗಳ ಕಾಲ ಹವ್ಯಾಸಿ ಆಟಗಾರರ ತಂಡವಾಗಿದ್ದ ವಿಂಬಲ್ಡನ್ 1977ರಲ್ಲಿ ವೃತ್ತಿಪರ ತಂಡಗಳ ಫುಟ್‌ಬಾಲ್ ಲೀಗ್ ಸೇರಿತು, 1986ರ ಹೊತ್ತಿಗೆ ಮೊದಲ ದರ್ಜೆಗೆ ಏರಿತು. 1988ರಲ್ಲಿ ಇಂಗ್ಲೆಂಡಿನ ಪ್ರಮುಖ ನಾಕೌಟ್ ಪಂದ್ಯಾವಳಿಯಾದ ಎಫ್‌.ಎ. ಕಪ್ ಫೈನಲ್‌ನಲ್ಲಿ ಬಲಾಢ್ಯ ಲಿವರ್‌ಪೂಲ್ ಅನ್ನು 1-0ರಿಂದ ಸೋಲಿಸಿತು. ಆ ದಿನ ಗೋಲ್‌ಕೀಪರ್ ಡೇವ್ ಬೀಸಂಟ್ ಪೆನಾಲ್ಟಿ ತಡೆದರು, ಎಫ್‌.ಎ. ಕಪ್ ಫೈನಲ್‌ನಲ್ಲಿ ಹಾಗಾದದ್ದು ಅದೇ ಮೊದಲು.

ಮರುವರ್ಷ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲು 97 ಜನರ ಜೀವ ತೆಗೆಯಿತು. ಮೇಲಿನ ದರ್ಜೆಗಳ ಮೈದಾನಗಳಲ್ಲಿ ನಿಂತು ನೋಡುವ ವ್ಯವಸ್ಥೆ ಹೋಗಿ ಎಲ್ಲರಿಗೂ ಕುರ್ಚಿ ಇರಬೇಕೆಂದು 1990ರ ಟೇಲರ್ ವರದಿ ಹೇಳಿತು. ಶಿಫಾರಸು ಸರಿಯಾದದ್ದೇ. ಆದರೆ ಹಳೇ ಪ್ಲೌ ಲೇನ್‌ನಲ್ಲಿ ಅದು ಆಗದ ಮಾತೆಂದು ಕ್ಲಬ್‌ನ ಆಡಳಿತ ಕೈಚೆಲ್ಲಿ, 1991ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ತಂಡದ ಸೆಲ್‌ಹರ್ಸ್ಟ್ ಪಾರ್ಕ್‌ಗೆ ಬಾಡಿಗೆಗೆ ಹೋಯಿತು. ತಾತ್ಕಾಲಿಕ ಎಂದು ಹೋದವರು ಹನ್ನೆರಡು ವರ್ಷ ಅಲ್ಲೇ ಉಳಿದರು.

ಬಿಟ್ಟುಬಂದ ಮನೆ ಅಷ್ಟರಲ್ಲಿ ಕೈತಪ್ಪಿತ್ತು. 1998ರಲ್ಲಿ ಆ ಜಾಗ ಸೇಫ್‌ವೇ ಸೂಪರ್‌ಮಾರ್ಕೆಟ್ ಕಂಪನಿಗೆ ಮಾರಾಟವಾಯಿತು. ಅಂಗಡಿಗೆ ಸ್ಥಳೀಯರು ಅಡ್ಡಬಂದರು. ಕೊನೆಗೆ ಎದ್ದದ್ದು ಫ್ಲ್ಯಾಟುಗಳು. ಆ ಸಮುಚ್ಚಯಕ್ಕೆ ಇಟ್ಟ ಹೆಸರು ರೆನಾಲ್ಡ್ಸ್ ಗೇಟ್. 1963ರ ಅಮೆಚೂರ್ ಕಪ್ (ಹವ್ಯಾಸಿ ತಂಡಗಳ ಪಂದ್ಯಾವಳಿ) ಫೈನಲ್‌ನಲ್ಲಿ ನಾಲ್ಕೂ ಗೋಲುಗಳನ್ನು ತಲೆಯಿಂದಲೇ ಹೊಡೆದ ಎಡ್ಡಿ ರೆನಾಲ್ಡ್ಸ್ ಅವರ ನೆನಪಿಗೆ. ಮೈದಾನ ಅಳಿಸಿ ಆಟಗಾರನ ಹೆಸರು ಉಳಿಸುವ ಈ ಪರಿ ನನಗಂತೂ ಕಸಿವಿಸಿ ತರುತ್ತದೆ.

ನೆಲೆಯಿಲ್ಲದ ಕ್ಲಬ್ಬನ್ನು ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು. ಹಾಗೇ ಆಯಿತು. ಸುಮಾರು 90 ಕಿ.ಮೀ. ದೂರದ ಮಿಲ್ಟನ್ ಕೀನ್ಸ್‌ಗೆ ಕ್ಲಬ್ ಹೋಗಲು 2002ರ ಮೇ 28ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನೇಮಿಸಿದ ಮೂವರ ಆಯೋಗ 2-1 ಮತದಿಂದ ಒಪ್ಪಿತು. ಅಭಿಮಾನಿಗಳು ತಳದಿಂದ ಹೊಸ ಕ್ಲಬ್ ಕಟ್ಟುವುದು ಫುಟ್‌ಬಾಲ್‌ನ ವಿಶಾಲ ಹಿತಕ್ಕೆ ತಕ್ಕುದಲ್ಲ ಎಂಬ ಮಾತೂ ತೀರ್ಪಿನಲ್ಲಿತ್ತು.

ಅಭಿಮಾನಿಗಳು ಅದನ್ನೇ ಮಾಡಿದರು. ಜೂನ್ ಕೊನೆಯಲ್ಲಿ ವಿಂಬಲ್ಡನ್ ಕಾಮನ್‌ನ ಬಯಲಲ್ಲಿ ಹೊಸ ತಂಡಕ್ಕೆ ಆಟಗಾರರ ಆಯ್ಕೆ ನಡೆಯಿತು, ಬಂದವರು 230 ಮಂದಿ. ಜುಲೈ 10ರ ಮೊದಲ ಸ್ನೇಹಪಂದ್ಯದಲ್ಲಿ ಈ ಹೊಸ ಕ್ಲಬ್, ಎ.ಎಫ್‌.ಸಿ. ವಿಂಬಲ್ಡನ್ 0-4ರಿಂದ ಸೋತಿತು. ಅದನ್ನು ನೋಡಲು 4,657 ಜನ ಸೇರಿದ್ದರು! ಒಂಬತ್ತನೇ ದರ್ಜೆಯಿಂದ ಹತ್ತುತ್ತ ಹತ್ತುತ್ತ 2011ರಲ್ಲಿ ಫುಟ್‌ಬಾಲ್ ಲೀಗ್ ಮುಟ್ಟಿದರು. ಕ್ಲಬ್‌ನ ಒಡೆತನ ಅಭಿಮಾನಿಗಳದೇ ಆದ ಡಾನ್ಸ್ ಟ್ರಸ್ಟ್‌ನದು, ಅಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಆದರೂ ಆಡುತ್ತಿದ್ದದ್ದು ವಿಂಬಲ್ಡನ್‌ನ ಹೊರಗೆ, ಕಿಂಗ್ಸ್‌ಮೆಡೋದಲ್ಲಿ.

ಹಳೇ ಮೈದಾನದಿಂದ ಕೂಗಳತೆ ದೂರದಲ್ಲಿ ನಾಯಿಓಟದ ಕ್ರೀಡಾಂಗಣವಿತ್ತು. ಅಲ್ಲಿ ಹೊಸ ಮೈದಾನಕ್ಕೆ ಸ್ಥಳೀಯ ಆಡಳಿತವಾದ ಮರ್ಟನ್ ಕೌನ್ಸಿಲ್ 2015ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಗಿನ ಲಂಡನ್ ಮೇಯರ್ ಬೋರಿಸ್ ಜಾನ್ಸನ್ ಕಡತವನ್ನು ತಮ್ಮ ಕಚೇರಿಗೆ ತರಿಸಿಕೊಂಡರು. ನಂತರ ಬಂದ ಸಾದಿಕ್ ಖಾನ್ ಅದನ್ನು ಕೌನ್ಸಿಲ್‌ಗೇ ಹಿಂತಿರುಗಿಸಿದರು. ಯೋಜನೆಯಲ್ಲಿ 600ಕ್ಕೂ ಹೆಚ್ಚು ಫ್ಲ್ಯಾಟುಗಳೂ ಇದ್ದವು. ಅಂದರೆ ಹಳೆಯ ಮೈದಾನವನ್ನು ನುಂಗಿದ ಕಟ್ಟಡದ ವ್ಯವಹಾರವೇ ಹೊಸದಕ್ಕೆ ದಾರಿಯನ್ನೂ ಮಾಡಿಕೊಟ್ಟಿತು. 2017ರ ಮಾರ್ಚ್‌ನಲ್ಲಿ ಅಲ್ಲಿ ಕೊನೆಯ ನಾಯಿಓಟ ನಡೆಯಿತು. ನಾಯಿಓಟದ ಅಭಿಮಾನಿಗಳಿಗೂ ಅದೇ ಮನೆಯಾಗಿತ್ತು ಎಂಬುದನ್ನು ಫುಟ್‌ಬಾಲ್‌ನವರು ಅಷ್ಟಾಗಿ ಹೇಳುವುದಿಲ್ಲ.

ಹೊಸ ಮೈದಾನಕ್ಕೆ ಹಣ ಸಾಲದೆ ಬಂದಾಗ, ಬಹುಪಾಲು ಒಡೆತನವನ್ನು ಹೊರಗಿನ ಹೂಡಿಕೆದಾರರಿಗೆ ಬಿಟ್ಟುಕೊಡುವ ಮಾತೂ ಎದ್ದಿತು. ಅದರ ಬದಲು 2020ರ ಆರಂಭದಲ್ಲಿ ಅಭಿಮಾನಿಗಳೇ ಬಾಂಡ್ ಮೂಲಕ 50 ಲಕ್ಷ ಪೌಂಡ್‌ಗೂ ಮೀರಿ ಕೂಡಿಸಿದರು. ಆ ವರ್ಷದ ನವೆಂಬರ್ 3ರಂದು ಹೊಸ ಪ್ಲೌ ಲೇನ್‌ನಲ್ಲಿ ಮೊದಲ ಪಂದ್ಯ, ಡಾಂಕಾಸ್ಟರ್ ಎದುರು 2-2 ಸಮ. ಕೋವಿಡ್ ಕಾರಣ ಗ್ಯಾಲರಿಗಳೆಲ್ಲ ಖಾಲಿ. 29 ವರ್ಷ ಕಾದವರು ಮನೆಯಲ್ಲಿ ಕೂತು ಪರದೆಯ ಮೇಲೆ ನೋಡಿದರು.

ಆ ನೆಲ ಮಾತ್ರ ತನ್ನ ಹಳೆಯ ಗುಣ ಮರೆತಿಲ್ಲ. 2024ರ ಸೆಪ್ಟೆಂಬರ್‌ನ ಮಳೆಗೆ ಪಕ್ಕದ ವಾಂಡಲ್ ನದಿ ಉಕ್ಕಿ, ಆಟದ ಅಂಕಣದಲ್ಲೇ ದೊಡ್ಡ ಗುಂಡಿ ಬಿತ್ತು. ನ್ಯೂಕ್ಯಾಸಲ್ ಎದುರಿನ ಕಪ್ ಪಂದ್ಯ ಎದುರಾಳಿಯ ಊರಿಗೇ ಹೋಯಿತು. ದುರಸ್ತಿಗೆ ಮತ್ತೆ ಚಂದಾ ಎತ್ತಿದ್ದು ಅಭಿಮಾನಿಗಳೇ.