ಅಡಿಕೆ ಅಟ್ಟ ಮತ್ತು ಸೋಲಾರ್ ಮಾಡು

ಅಡಿಕೆ ಕೊಯ್ಲು ಬಂತೆಂದರೆ ಶಿರಸಿ ಕಡೆಯ ಅಂಗಳಗಳಲ್ಲಿ ಅಟ್ಟ ಏಳುತ್ತದೆ. ಕಂಬ ನೆಟ್ಟು, ದಬ್ಬೆ ಹಾಸಿ, ಅದರ ಮೇಲೆ ಅಡಿಕೆ ಹರವುತ್ತಾರೆ. ಮೇಲೆ ಅಡಿಕೆ ಒಣಗುತ್ತದೆ, ಕೆಳಗೆ ಕೂತವರಿಗೆ ನೆರಳು. ಸರ್ಕಾರಿ ಕಟ್ಟಡದ ಮೇಲೆ ಸೋಲಾರ್ ಪ್ಯಾನೆಲ್ ಹೇಗಿರಬೇಕು ಅಂತ ಮಾತು ಬಂದಾಗಲೆಲ್ಲ ನನಗೆ ಈ ಅಟ್ಟವೇ ನೆನಪಾಗುತ್ತದೆ.

ನಮ್ಮಲ್ಲಿ ಮಾಡು, ಅಂದರೆ ಚಾವಣಿ, ಕಟ್ಟುವುದೇ ಮಳೆಗೆ ಹೆದರಿ. ಕಾರವಾರದಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಸುರಿಯುತ್ತದೆ. ಹಿಂದೆ ಸೋಗೆ, ಹುಲ್ಲಿನ ಹೊದಿಕೆ ಇತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆಮೇಲೆ ಶಾಲೆ, ಕಚೇರಿಗಳಿಗೂ ಕೆಂಪು ಹಂಚು ಬಂತು. ಇಳಿಜಾರು ಮಾತ್ರ ಹಾಗೇ ಉಳಿಯಿತು. ಅದನ್ನು ಕೈಬಿಟ್ಟದ್ದು ಸಿಮೆಂಟ್ ಸ್ಲ್ಯಾಬ್ ಬಂದ ಮೇಲೆ. ತಾರಸಿ ಸೋರಿತು. ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದರು. ಈಗ ಕರಾವಳಿಯಲ್ಲಿ ಎಲ್ಲಿ ನೋಡಿದರೂ ಎರಡು ಮಾಡಿನ ಕಟ್ಟಡ, ಅಲ್ವಾ?

ಪ್ಯಾನೆಲ್ಲಿನ ಕಥೆ ಬೇರೆ ಕಡೆ ಶುರುವಾಯಿತು. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಿಲಿಕಾನ್ ಕೋಶವನ್ನು ತೋರಿಸಿತು. ಬಿದ್ದ ಬಿಸಿಲಿನಲ್ಲಿ ಸುಮಾರು ಶೇ. 6ರಷ್ಟು ಮಾತ್ರ ವಿದ್ಯುತ್ ಆಗುತ್ತಿತ್ತು. ಪ್ಯಾನೆಲ್ಲೇ ಗೋಡೆಯಾದದ್ದು ತುಂಬಾ ತಡವಾಗಿ, 1991ರಲ್ಲಿ, ಜರ್ಮನಿಯ ಆಖೆನ್ ನಗರದ ವಿದ್ಯುತ್ ಕಚೇರಿಯಲ್ಲಿ. ಸ್ಪೇನಿನ ಮತಾರೊ ಊರಿನ ಸಾರ್ವಜನಿಕ ಗ್ರಂಥಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ಯಾನೆಲ್ ಗೋಡೆಯ ಹಿಂದೆ ಬಿಸಿಯಾದ ಗಾಳಿಯನ್ನೇ ಚಳಿಗಾಲದಲ್ಲಿ ಒಳಗೆ ಬಿಟ್ಟುಕೊಂಡಿತು. ನಮ್ಮ ದೇಶದಲ್ಲಿ ನೋಡಬೇಕಾದದ್ದು ದೆಹಲಿಯ ಇಂದಿರಾ ಪರ್ಯಾವರಣ ಭವನ. 2014ರಲ್ಲಿ ಉದ್ಘಾಟನೆಯಾಯಿತು. 930 ಕಿಲೋವ್ಯಾಟ್‌ನ ಪ್ಯಾನೆಲ್‌ಗಳು ಮಾಡಿನ ಅಂಚು ದಾಟಿ ಚಾಚಿಕೊಂಡು ಕಟ್ಟಡಕ್ಕೇ ನೆರಳಾಗಿವೆ. ನಮ್ಮ ಅಡಿಕೆ ಅಟ್ಟವೇ ಅದು!

2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಬಂತು. 2022ಕ್ಕೆ ಮಾಡುಗಳಿಂದಲೇ 40 ಗಿಗಾವ್ಯಾಟ್ ಎಂಬ ಗುರಿ 2015ರಲ್ಲಿ ಬಂತು. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸರ್ಕಾರಿ ಕಟ್ಟಡಗಳೂ ಸೇರಿವೆ. ಎಲ್ಲ ಕಡೆ ಎಣಿಸಿದ್ದು ಕಿಲೋವ್ಯಾಟ್, ಮಾಡನ್ನು ಯಾರೂ ಕೇಳಲಿಲ್ಲ. ನಾನು ಕಂಡ ಒಂದು ಕಚೇರಿಯಲ್ಲಿ ಸ್ಲ್ಯಾಬಿಗೆ ತೂತು ಕೊರೆದು ಬೋಲ್ಟ್ ಬಿಗಿದಿದ್ದರು. ಎರಡು ಮಳೆಗಾಲ ಕಳೆಯುವುದರೊಳಗೆ ಬೋಲ್ಟ್ ತುಕ್ಕು ಹಿಡಿದು, ಅದೇ ತೂತಿನಿಂದ ಕಡತಗಳ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನೋಡಿ ತುಂಬಾ ಬೇಜಾರಾಯಿತು.

ಕರೆಂಟಿಗಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆ ಕೊಟ್ಟದ್ದು ಸಣ್ಣದಲ್ಲ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಊರೇ ಮುಳುಗಿತು. 2000ದಿಂದ ಕೈಗಾ ಅಣು ಸ್ಥಾವರ ನಡೆಯುತ್ತಿದೆ. ಮಾಡಿನ ಮೇಲೆ ಕರೆಂಟ್ ಮಾಡಲು ಒಂದು ಗುಂಟೆ ಜಾಗವೂ ಹೊಸದಾಗಿ ಬೇಡ.

ನಾನು ಹೇಳುವುದಿಷ್ಟೇ: ತಾರಸಿಯ ಮೇಲಿನ ಆ ಎರಡನೇ ಮಾಡಿಗೆ ಶೀಟಿನ ಬದಲು ಪ್ಯಾನೆಲ್ಲನ್ನೇ ಹೊದಿಸಬೇಕು. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಬೇಕು. ವರ್ಷದ ಸರಾಸರಿ ತೆಗೆದರೆ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಸಿಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕಡಿಮೆಯೇ. ಆದರೆ ಕಚೇರಿಯ ಫ್ಯಾನು, ಕಂಪ್ಯೂಟರ್ ಓಡುವುದು ಹಗಲಿನಲ್ಲೇ, ಬಿಸಿಲೂ ಆಗಲೇ. ಬಿಸಿ ಏರಿದಷ್ಟೂ ಪ್ಯಾನೆಲ್ ಸೊರಗುತ್ತದೆ. ಪ್ಯಾನೆಲ್ಲಿನ ಬಿಸಿ 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಹಾಗಾಗಿ ತಾರಸಿಗೂ ಪ್ಯಾನೆಲ್ಲಿಗೂ ನಡುವೆ ಗಾಳಿ ಆಡಬೇಕು. ಶೀಟಿನ ಮಾಡಿನ ಕೆಳಗೆ ಆ ಜಾಗ ಹೇಗೂ ಇರುತ್ತದೆ. ಕಾರವಾರಕ್ಕೆ ದಕ್ಷಿಣದ ಕಡೆ 15 ಡಿಗ್ರಿ ಇಳಿಜಾರು ಸಾಕು. ಪ್ಯಾನೆಲ್ ಸಂದಿಗಳಲ್ಲಿ ನೀರು ಇಳಿಯದಂತೆ ರಬ್ಬರ್ ಪಟ್ಟಿ, ಕೆಳಗೆ ದಂಬೆ ಬೇಕು. ಒರೆಸಲು ಹತ್ತುವವರಿಗೆ ಕಾಲಿಡಲು ಜಾಗ ಬಿಡಬೇಕು.

ಉಪ್ಪುಗಾಳಿಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಲೇಬಾರದು. ಉಪ್ಪುಮಂಜಿನ ಪರೀಕ್ಷೆ, ಅಂದರೆ ಐಇಸಿ 61701, ಪಾಸಾದ ಪ್ಯಾನೆಲ್ಲನ್ನೇ ಕೇಳಬೇಕು. ಅಲ್ಯೂಮಿನಿಯಂ ಫ್ರೇಮಿಗೆ ಬೇರೆ ಲೋಹ ನೇರವಾಗಿ ತಾಗಿದರೆ ಉಪ್ಪುನೀರಿನಲ್ಲಿ ಬೇಗ ಸವೆಯುತ್ತದೆ, ನಡುವೆ ಲೋಹವಲ್ಲದ ವಾಷರ್ ಇರಲೇಬೇಕು. ಇದನ್ನೆಲ್ಲ ಟೆಂಡರ್ ಆದ ಮೇಲೆ ನೆನಪಿಸಿಕೊಂಡರೆ ಸುಮ್ನೆ ಖರ್ಚು ಜಾಸ್ತಿ. ಹೊಸ ಪಂಚಾಯಿತಿ ಕಟ್ಟಡದ ನಕ್ಷೆ ಮೇಜಿನ ಮೇಲಿರುವಾಗಲೇ ಬರೆಸಿದರೆ, ಶೀಟಿಗೆಂದು ಎತ್ತಿಟ್ಟ ದುಡ್ಡೂ ಇದಕ್ಕೇ ಒದಗುತ್ತದೆ.