ಲೂಸಿಡ್ ಡ್ರೀಮ್ ಅಂದ್ರ ಏನು?

ಕನಸು ನಡದಿರ್ತದ, ನಡಕ 'ಅರೇ ಇದು ಕನಸು' ಅಂತ ಗೊತ್ತಾಗ್ತದ, ಆದ್ರೂ ಎಚ್ಚರ ಆಗೂದಿಲ್ಲ, ಇದಕ್ಕ ಲೂಸಿಡ್ ಡ್ರೀಮ್ ಅಂತಾರ. ಡಚ್ ಡಾಕ್ಟರ್, ಲೇಖಕ ಫ್ರೆಡೆರಿಕ್ ವಾನ್ ಏಡನ್ 1913ರ ಒಂದು ಪ್ರಬಂಧದಾಗ ಈ ಹೆಸರು ಬಳಸಿದ್ರು, ಅದೇ ನಿಂತ್ಕೊಂತು.

ಇದೆಲ್ಲಾ ಬರೇ ಕಲ್ಪನಾ ಅನ್ನೋರಿಗೆ 1975ರಾಗ ಇಂಗ್ಲೆಂಡಿನ ಹಲ್ ಯೂನಿವರ್ಸಿಟಿಯಾಗ ಸಂಶೋಧಕ ಕೀತ್ ಹರ್ನ್ ಪುರಾವೆ ತೋರಿಸಿದ್ರು. ಗಾಢ ಕನಸು ಬೀಳೋ ಹೊತ್ತಿನಾಗ ಕೈಕಾಲು ಅಳ್ಳಾಡೂದಿಲ್ಲ, ಕಣ್ಣುಗುಡ್ಡಿ ಮಾತ್ರ ಓಡಾಡ್ತಾವ, ಅದಕ್ಕ ಮಲಗೋ ಮನಷಾಗ ಮೊದಲೇ ಹೇಳಿಟ್ಟಿದ್ರು, ಕನಸು ಅಂತ ಗೊತ್ತಾದ ಕೂಡ್ಲೆ ಕಣ್ಣು ಎಡಕ್ಕ ಬಲಕ್ಕ ಹೊರಳಸು ಅಂತ, ಆತ ನಿದ್ದಿಯೊಳಗ ಹೊರಳಿಸಿದ, ಕಣ್ಣಿನ ಓಡಾಟ ದಾಖಲಿಸೋ ಮಶೀನಿನ್ಯಾಗ ಗೆರಿ ಮೂಡಿದ್ವು. ಕನಸಿನೊಳಗಿಂದ ಹೊರಗಿನವ್ರಿಗೆ ಕಳಿಸಿದ ಸುದ್ದಿ ಅದು! ಓದಿದಾಗೆಲ್ಲಾ ಮೈ ಜುಂ ಅಂತದ ನನಗ.

ಈ ವಿಷಯ ತಿಳೀಬೇಕಂದ್ರ ರಿಚರ್ಡ್ ಲಿಂಕ್‌ಲೇಟರ್ ಅವರ 2001ರ ಅನಿಮೇಶನ್ ಸಿನಿಮಾ 'ವೇಕಿಂಗ್ ಲೈಫ್' ನೋಡ್ರಿ. ಖರೇ ಮಂದೀನ ಇಟ್ಕೊಂಡು ಶೂಟ್ ಮಾಡಿ, ಅದರ ಮ್ಯಾಲೆ ಕಲಾವಿದರು ಕಂಪ್ಯೂಟರಿನಾಗ ಚಿತ್ರ ಬರದಾರ, ಇದಕ್ಕ ರೋಟೋಸ್ಕೋಪಿಂಗ್ ಅಂತಾರ. ಒಬ್ಬೊಬ್ಬರ ಕೈ ಒಂದೊಂದು ನಮೂನಿ, ಹಂಗಾಗಿ ಮಾರಿ, ಗ್ವಾಡಿ, ಕುರ್ಚಿ ಯಾವದೂ ಒಂದ ಕಡೆ ನಿಲ್ಲೂದಿಲ್ಲ, ತೇಲ್ತಾನ ಇರ್ತಾವ. ಕನಸು ತೋರ್ಸಾಕ ಇದಕ್ಕಿಂತ ಒಪ್ಪೋ ದಾರಿ ನಾನಂತೂ ನೋಡಿಲ್ಲ.

ಅದರಾಗ ಒಂದು ಪರೀಕ್ಷಾ ಬರ್ತದ: ಲೈಟಿನ ಸ್ವಿಚ್ ಒತ್ತಿದ್ರೂ ಬೆಳಕು ಬದಲಾಗ್ಲಿಲ್ಲ ಅಂದ್ರ ನೀವು ಕನಸಿನಾಗ ಇದ್ದೀರಿ. ಕನಸಿನಾಗ ತಿರುಗಾಡೋ ಹೀರೋಗೂ ಹಂಗ ಆಗ್ತದ. ಪುಣೆದಾಗ ಕೋಥ್ರೂಡಿನ ನಮ್ಮ ರೂಮಿನಾಗ ನೋಡೂಮುಂದ ಗದಗಿನ ಹುಡುಗೊಬ್ಬ ತಡೀಲಾರ್ದ ಕೇಳಿದ, "ಅಣ್ಣಾ, ಕನಸು ಅಂತ ಗೊತ್ತಾತಲ್ಲ, ಎದ್ದು ಹೋಗ್ಲಿಕ್ಕೆ ಏನ್ ಧಾಡಿ ಅಂವಗ?" ಸಿನಿಮಾದ ಜೀವಾನೇ ಆ ಪ್ರಶ್ನೆದಾಗ ಅದ. ಅಂವ ಎದ್ದೆ ಅನ್ಕೋತಾನ, ಅದೂ ಇನ್ನೊಂದು ಕನಸು. ಗೊತ್ತಾಗೂದು ಬ್ಯಾರೆ, ಕೈಯಾಗ ಹಿಡಿತ ಸಿಗೂದು ಬ್ಯಾರೆ. ಲೂಸಿಡ್ ಡ್ರೀಮ್ ಅಂದ್ರ ಕನಸನ್ನ ಬೇಕಾದಂಗ ತಿರುಗಿಸೂದು ಅಂತ ಭಾಳ ಮಂದಿ ತಿಳ್ಕೊಂಡಾರ, ಕೆಲವ್ರಿಗೆ ಅದೂ ಆಗ್ತದ, ಆದ್ರ ಅರಿವು ಇದ್ರ ಸಾಕು, ಅದು ಲೂಸಿಡ್ಡೇ.

ಫ್ರೀ ವಿಲ್, ಅಂದ್ರ ನಮ್ಮ ನಿರ್ಧಾರ ನಾವೇ ಮಾಡೋ ಸ್ವಾತಂತ್ರ್ಯ, ಅದರ ಮಾತೂ ಇಲ್ಲೇ ಬರ್ತದ. ಮೈ, ಮೆದುಳು ಎಲ್ಲಾ ಭೌತಶಾಸ್ತ್ರದ ನಿಯಮದಂಗ ನಡೀತಾವಂದ್ರ 'ನಾ ನಿರ್ಧಾರ ಮಾಡಿದೆ' ಅನ್ನೂದಕ್ಕ ಜಾಗ ಎಲ್ಲದ ಅಂತ ಸಿನಿಮಾದಾಗ ಒಬ್ಬ ಪ್ರೊಫೆಸರ್ ಕೇಳ್ತಾರ. ಕಣಗಳು ಆಕಸ್ಮಿಕವಾಗಿ ಅತ್ತಿತ್ತ ಆಗ್ತಾವ ಅಂತ ಕ್ವಾಂಟಮ್ (ಭಾಳ ಸಣ್ಣ ಕಣಗಳ ಭೌತಶಾಸ್ತ್ರ) ತಂದ್ರೂ ಉಪಯೋಗಿಲ್ಲ, ಆಕಸ್ಮಿಕ ಆದದ್ದು ನನ್ನ ನಿರ್ಧಾರ ಹೆಂಗ ಆಗ್ತದ? ಹೀರೋನ ಕಷ್ಟಾನೂ ಇದೇ, ಎಲ್ಲಾ ಕಾಣ್ತದ, ಕೇಳ್ತದ, ತಿಳೀತದ, ಏಳಾಕ ಮಾತ್ರ ಬರೂದಿಲ್ಲ.